ಹನ್ನೆರಡು ವಿದ್ಯಾರ್ಥಿಗಳೊಂದಿಗೆ ಕೆಂಗೇರಿಗೆ

ಬೆಳಿಗ್ಗೆ ಏಳೂವರೆಗೆ ರಾಜಾಜಿನಗರದ ಬಸ್ ನಿಲ್ದಾಣದಲ್ಲಿ ನಾವು ಹದಿನಾಲ್ಕು ಜನ ನಿಂತಿದ್ದೆವು. ಕೊನೆಯ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಗಳು ಹನ್ನೆರಡು ಜನ, ಅವರಿಗೆ ಭೌತಶಾಸ್ತ್ರದ ಪ್ರಯೋಗಗಳನ್ನು ಹೇಳಿಕೊಡುತ್ತಿದ್ದ ನಾನು, ಮತ್ತು ನಮ್ಮ ಕಾಲೇಜಿನ ಮೊದಲ ಪ್ರಿನ್ಸಿಪಾಲರಾದ ಪ್ರೊಫೆಸರ್ ಕಮಲಾಕ್ಷಮ್ಮ. ಎಂಬತ್ತರ ದಶಕದ ನಡುವಿನ ಒಂದು ಏಪ್ರಿಲ್. ಕೆಂಗೇರಿ ಹದಿನೈದು ಕಿಲೋಮೀಟರಿನಷ್ಟು ದೂರ. ನಾನು ಮಾಡಿದ ಪ್ರಯಾಣಗಳಲ್ಲಿ ಹೇಳಿಕೊಳ್ಳಬೇಕು ಅನ್ನಿಸುವುದು ಇದೊಂದೇ.

ಕಾಲೇಜಿನ ಆಡಳಿತ ಮಂಡಳಿಗೆ ವಿಜ್ಞಾನ ಬೇಡವಾಗಿತ್ತು. ಕಾಮರ್ಸಿಗೆ ನೂಕುನುಗ್ಗಲು, ನಮ್ಮ ಕೊನೆಯ ವರ್ಷದಲ್ಲಿ ಹನ್ನೆರಡೇ ಜನ. ಲ್ಯಾಬನ್ನು ಟೈಪಿಂಗ್ ತರಗತಿಗೆ ಬಿಟ್ಟುಕೊಡಿ ಎಂದು ವರ್ಷವಿಡೀ ಕೇಳಿದರು, ಮೇಡಂ ಒಪ್ಪಲಿಲ್ಲ. ಪ್ರಾಯೋಗಿಕ ಪರೀಕ್ಷೆಗೆ ಮೂರು ದಿನವಿರುವಾಗ ಲ್ಯಾಬಿಗೆ ಬೀಗ ಬಿತ್ತು. ಮೇಡಂ ಜಗಳಕ್ಕೆ ಹೋಗಲಿಲ್ಲ. ಕೆಂಗೇರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ತಮ್ಮ ಹಳೆಯ ವಿದ್ಯಾರ್ಥಿನಿಯ ಮೂಲಕ ಅಲ್ಲಿ ಜಾಗ ಕೇಳಿದರು. ವಿಶ್ವವಿದ್ಯಾಲಯದ ಕಚೇರಿಯ ಬೆಂಚಿನ ಮೇಲೆ ಎರಡು ದಿನ ಕೂತು, ಪರೀಕ್ಷಾ ಕೇಂದ್ರ ಬದಲಾಯಿಸಿದ ಪತ್ರವನ್ನು ತಂದೇ ಬಿಟ್ಟರು.

ಬಸ್ಸು ಬರುವ ಹೊತ್ತಿಗೆ ಮಂಡಳಿಯ ಕಾರ್ಯದರ್ಶಿಯವರು ಸ್ಕೂಟರಿನಲ್ಲಿ ಬಂದರು. ಧ್ವನಿ ಏರಿಸಲಿಲ್ಲ.

"ಮೇಡಂ, ಈ ಬಸ್ಸು ಹತ್ತಿದ್ರೆ ಪ್ರಿನ್ಸಿಪಾಲ್ ಕುರ್ಚಿ ನಿಮ್ದಲ್ಲ. ಯೋಚನೆ ಮಾಡಿ."

"ಕುರ್ಚಿ ನೀವೇ ಇಟ್ಕೊಳ್ಳಿ ಸಾರ್. ಈ ಮಕ್ಕಳಿಗೆ ಹತ್ತು ಗಂಟೆಗೆ ಪರೀಕ್ಷೆ ಇದೆ," ಎಂದು ಮೇಡಂ ಹತ್ತಿದರು. ಹಿಂದೆ ಹನ್ನೆರಡೂ ಜನ ಹತ್ತಿದರು.

ಕಾರ್ಯದರ್ಶಿ ನನ್ನ ಕಡೆ ತಿರುಗಿದರು. ನನ್ನದು ತಾತ್ಕಾಲಿಕ ಕೆಲಸ, ಮದುವೆಯಾಗಿ ನಾಲ್ಕು ತಿಂಗಳು. ಕಾಲು ಏಳಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಕಂಡಕ್ಟರ್ ಸೀಟಿ ಊದಿದ. ಮೇಡಂ ಕಿಟಕಿಯಿಂದ ನನ್ನ ಕಡೆ ನೋಡಿದರು. ಚಲಿಸುತ್ತಿದ್ದ ಬಸ್ಸಿಗೆ ಓಡಿ ನೇತುಬಿದ್ದೆ.

ವಿಜಯನಗರದಲ್ಲಿ ಇಳಿದು ಬಸ್ಸು ಬದಲಿಸಿದೆವು. ಅಲ್ಲಿಂದ ಒಂದು ರೂಪಾಯಿ ಚಿಲ್ಲರೆಯ ಟಿಕೆಟ್ಟು. ದೀಪಾಂಜಲಿ ನಗರ ದಾಟಿ ಮೈಸೂರು ರಸ್ತೆಯಲ್ಲಿ ಹೋಗುವಾಗ ಪಕ್ಕದಲ್ಲಿ ಹರಿಯುವ ಹೊಳೆಯ ಕೊಳಕು ವಾಸನೆ ಒಳಗೆಲ್ಲ ತುಂಬಿತು. ಶಾಂತಾ ಎಂಬ ಹುಡುಗಿ ಅಳುವ ಹಾಗಿದ್ದಳು. ಮೇಡಂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಕಥೆ ತೆಗೆದರು. ತಾವು ಓದುವಾಗ ಕ್ಲಾಸಿನಲ್ಲಿ ಒಬ್ಬರೇ ಹೆಂಗಸಂತೆ. ಪ್ರಯೋಗಕ್ಕೆ ಜೊತೆಗೆ ಯಾರೂ ಬಾರದೆ, ಎಲ್ಲ ಅಳತೆಗಳನ್ನೂ ತಾವೇ ತೆಗೆದು ತಾವೇ ಬರೆದುಕೊಂಡರಂತೆ. ಮುಂದೆ ಸರ್ಕಾರಿ ಕೆಲಸ ಬಿಟ್ಟು ಬಂದರಂತೆ. ಬಸವೇಶ್ವರನಗರದ ಬಾಡಿಗೆ ಮನೆಯೊಂದರಲ್ಲಿ ನಮ್ಮ ಕಾಲೇಜು ಶುರುವಾದಾಗ ಅಡುಗೆಕಟ್ಟೆಯೇ ಪ್ರಯೋಗದ ಮೇಜು. ಕತ್ತಲು ಬೇಕಾದ ಬೆಳಕಿನ ಪ್ರಯೋಗಗಳು ಬಚ್ಚಲುಮನೆಯಲ್ಲಿ. ಶಾಂತಾ ನಕ್ಕಳು.

ಕೆಂಗೇರಿ ತಲುಪಿದಾಗ ಒಂಬತ್ತು ಇಪ್ಪತ್ತು. ಪರೀಕ್ಷಕರು ಪತ್ರವನ್ನು ಎರಡು ಸಲ ಓದಿ, ಸರಿ ಶುರು ಮಾಡಿ ಅಂದರು. ಪರಿಚಯವಿಲ್ಲದ ಲ್ಯಾಬು, ಪರಿಚಯವಿಲ್ಲದ ಉಪಕರಣಗಳು. ಮೇಡಂ ಒಳಗೆ ಬರುವಂತಿರಲಿಲ್ಲ, ಬಿಸಿಲಿನ ಅಂಗಳದಲ್ಲಿ ಮೂರು ಗಂಟೆ ನಿಂತೇ ಇದ್ದರು. ಮುಗಿದ ಮೇಲೆ ಪೇಟೆಯ ಹೋಟೆಲಿನಲ್ಲಿ ಎಲ್ಲರೂ ಚಿತ್ರಾನ್ನ ತಿಂದೆವು. ಮೇಡಂ ಎರಡು ಲೋಟ ಕಾಫಿ ಕುಡಿದರು.

ಮುಂದಿನ ವಾರ ಅವರನ್ನು ಪ್ರಿನ್ಸಿಪಾಲ್ ಹುದ್ದೆಯಿಂದ ಇಳಿಸಿದರು, ನನ್ನನ್ನು ಕೆಲಸದಿಂದ ಬಿಡಿಸಿದರು. ಅವರು ರಾಜೀನಾಮೆ ಕೊಟ್ಟು ಹೋಗುತ್ತಾರೆಂದೇ ಮಂಡಳಿ ನಂಬಿತ್ತು. ಅವರು ಹೋಗಲಿಲ್ಲ. ಬರೀ ಪ್ರೊಫೆಸರಾಗಿ ಉಳಿದು, ರಜೆಯಲ್ಲಿ ಬಡಾವಣೆಯ ಮನೆಮನೆ ಸುತ್ತಿ ವಿಜ್ಞಾನಕ್ಕೆ ಮೂವತ್ತು ಮಕ್ಕಳನ್ನು ಸೇರಿಸಿದರು. ಲ್ಯಾಬು ತೆರೆಯಲೇಬೇಕಾಯಿತು. ಆ ಹನ್ನೆರಡು ಜನರೂ ಪಾಸಾದರು. ನನಗೆ ಬೇರೆ ಕಡೆ ಕೆಲಸ ಸಿಗಲು ಒಂದು ವರ್ಷ ಹಿಡಿಯಿತು, ಆದರೆ ಆ ಬಸ್ಸಿಗೆ ಓಡಿದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪಪಟ್ಟಿಲ್ಲ.

ಆ ದಿನ ಕೆಂಗೇರಿಯಿಂದ ವಾಪಸು ಬರುವಾಗ ಮೇಡಂ ಮತ್ತು ವಿದ್ಯಾರ್ಥಿಗಳು ವಿಜಯನಗರದಲ್ಲಿ ಇಳಿದರು. ನಾನು ಅದೇ ಬಸ್ಸಿನಲ್ಲಿ ಬಿನ್ನಿಪೇಟೆಯ ಕಡೆ ಹೋಗಬೇಕಿತ್ತು. "ನಾಳೆ ಎಂಟಕ್ಕೆ ಬನ್ನಿ, ಸೆಕೆಂಡ್ ಇಯರ್‌ನವರ ಪ್ರಯೋಗಗಳ ಪಾಠ ಬಾಕಿ ಇದೆ," ಅಂದರು ಮೇಡಂ. ಲ್ಯಾಬಿಗೆ ಬೀಗ ಇದೆಯಲ್ಲ, ಎಲ್ಲಿ ಮಾಡೋದು ಎಂದು ಕೇಳಿದೆ.

"ನಿಂತ್ಕೊಳ್ಳೋಕೆ ಜಾಗ ಇದ್ರೆ ಸಾಕು ಕಣ್ರೀ."

ಬಸ್ಸು ಹೊರಟ ಮೇಲೆ ತಿರುಗಿ ನೋಡಿದೆ. ಶಾಂತಾ ಯಾವುದೋ ಉತ್ತರದ ಬಗ್ಗೆ ವಾದ ಹೂಡಿದ್ದಳು. ಮೇಡಂ ರಸ್ತೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಮಣ್ಣಿನ ಮೇಲೆ ಲೆಕ್ಕ ಬಿಡಿಸುತ್ತಿದ್ದರು.