ಜೋಳದ ಬೇರಿನ ಮೇಡಂ

ಮಂದಾಕಿನಿ ಮೇಡಂ ಪಾಠಕ್ಕೆ ಬರುವಾಗ ಪುಸ್ತಕ ಮರೆತು ಬರುತ್ತಿದ್ದರು, ಡಬ್ಬಿ ಮಾತ್ರ ಮರೆಯುತ್ತಿರಲಿಲ್ಲ. ಊಟದ್ದೇ ಡಬ್ಬಿ, ಆದರೆ ಅದರೊಳಗೆ ಒದ್ದೆ ಬಟ್ಟೆಯ ಮೇಲೆ ಮೊಳಕೆ ಬಂದ ಬಿಳಿಜೋಳ. ಅದೂ ಕಮಲಾಪುರದ ತಮ್ಮ ಹೊಲದ್ದೇ ಆಗಬೇಕು. ಕಲಬುರಗಿ ಬಜಾರಿನ ಜೋಳಕ್ಕೆ ಬೇರು ಬಿಡುವ ಉಮೇದಿಲ್ಲವೆಂದು ಅವರ ವಾದ. ಒಮ್ಮೆ ಹಸಿದಿದ್ದ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಆ ಡಬ್ಬಿ ತೆರೆದು ನೋಡಿ, ಹಾಗೇ ಮುಚ್ಚಿಟ್ಟರಂತೆ.

ಸಸ್ಯಶಾಸ್ತ್ರ ಅವರ ವಿಷಯ. ಬೇರಿನ ತುದಿಯನ್ನು ನಮ್ಮ ಬೆರಳಿಗೆ ಮುಟ್ಟಿಸುತ್ತಿದ್ದರು. ಲೋಳೆ ಲೋಳೆ.

"ಇದು ಒಳಗ ತಯಾರಾಗಿದ್ದು. ಜೀವಕೋಶ ಇದನ್ನ ಸಣ್ಣ ಸಣ್ಣ ಚೀಲದಾಗ ತುಂಬಿ ಅಂಚಿಗಿ ಕಳಸ್ತದ. ಚೀಲ ಅಂಚಿನ ಪೊರೀಗಿ ಕೂಡಿಕೊಂಡು ಬಾಯಿ ಬಿಡ್ತದ, ಒಳಗಿಂದು ಹೊರಗ ಬೀಳ್ತದ. ಈ ಲೋಳಿ ಇಲ್ಲಂದ್ರ ನಮ್ಮ ಗಟ್ಟಿ ಕರಿ ಎರಿ ಮಣ್ಣಾಗ ಬೇರು ಹೆಂಗ ಇಳೀಬೇಕು?"

ನಾನು ತಾಜಸುಲ್ತಾನಪುರದಿಂದ ಸೈಕಲ್ ಮೇಲೆ ಬರುತ್ತಿದ್ದ ಉಗ್ಗುಮಾತಿನ ಹುಡುಗ. ಶಬ್ದ ಗಂಟಲಲ್ಲಿ ಸಿಕ್ಕಿಕೊಂಡರೆ ಗೆಳೆಯರು ತಾವೇ ಮುಗಿಸಿಕೊಡುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ, ಆದರೂ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೇಡಂ ಒಬ್ಬರೇ ಎಂದೂ ನನ್ನ ಮಾತು ಮುಗಿಸಿಕೊಡಲಿಲ್ಲ. ಕೈಕಟ್ಟಿ ಕಾಯುತ್ತಿದ್ದರು. ನಡುವೆ ಯಾರಾದರೂ ಬಾಯಿ ಹಾಕಿದರೆ ವರಾಂಡಕ್ಕೆ ಕಳಿಸುತ್ತಿದ್ದರು.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಫೇಲಾದರೆ ಓದು ಸಾಕು, ಸೋದರಮಾವನ ಕಿರಾಣಿ ಅಂಗಡಿ ಸೇರು ಎಂದು ಅಪ್ಪ ಮೊದಲೇ ಹೇಳಿದ್ದರು. ಬೇರೆ ಊರಿಂದ ಬಂದ ಪರೀಕ್ಷಕರು ಕೇಳಿದ್ದು ಅದೇ ಲೋಳೆಯ ಪ್ರಶ್ನೆ. ಉತ್ತರವೆಲ್ಲ ತಲೆಯಲ್ಲಿತ್ತು, ನಾಲಿಗೆ ಏಳಲಿಲ್ಲ. ಹುಡುಗ ಓದಿಲ್ಲವೆಂದು ಅವರು ಸೊನ್ನೆ ಹಾಕಲು ಪೆನ್ನು ಎತ್ತಿದರು.

"ಅವನಿಗಿ ಎಲ್ಲಾ ಬರ್ತದ್ರಿ ಸರ್," ಎಂದರು ಪಕ್ಕದಲ್ಲಿದ್ದ ಮೇಡಂ. "ಹೊರಗ ಬರ್ಲಾಕ ಜರಾ ಟೈಮ್ ಹಿಡೀತದ. ನಾವ್ ತಡಿಯೋಣು."

ಇಬ್ಬರೂ ಕಾದರು. ಬೆವರುತ್ತ, ತಡವರಿಸುತ್ತ, ಚೀಲದಿಂದ ಹಿಡಿದು ಎರಿ ಮಣ್ಣಿನವರೆಗೂ ಹೇಳಿ ಮುಗಿಸಿದೆ. ಅಷ್ಟರಲ್ಲಿ ಪರೀಕ್ಷಕರ ಚಹಾ ಆರಿಹೋಗಿತ್ತು. ನಾನು ಪಾಸಾದೆ. ಮೇಡಂ ಕಾಯ್ದುಕೊಟ್ಟ ಆ ಹೊತ್ತಿಗೆ ನಾನು ಇವತ್ತಿಗೂ ಋಣಿ.

ಕೆಲವು ವರ್ಷಗಳ ಮೇಲೆ ನನಗೂ ಲೆಕ್ಚರರ್ ಕೆಲಸ ಸಿಕ್ಕಿತು. ಆದೇಶ ಕೈಗೆ ಬಂದ ದಿನವೇ ಕಮಲಾಪುರದ ಮೇಡಂ ಮನೆಗೆ ಹೋದೆ. ಅದೇ ಕೊನೆಯ ಭೇಟಿ ಎಂದು ಗೊತ್ತಿರಲಿಲ್ಲ. ಮುಂದಿನ ಸಲ ಹೋಗುವಷ್ಟರಲ್ಲಿ ಮೇಡಂ ಇರಲಿಲ್ಲ. ಅಂದು ಪಡಸಾಲೆಯಲ್ಲಿ ಕೂತಿದ್ದರು, ಬಹಳ ಸೊರಗಿದ್ದರು. ಕಾಲಿಗೆ ಬಿದ್ದು ಎದ್ದೆ. ನಾನು ಈಗ ಏನಾಗಿದ್ದರೂ ನಿಮ್ಮಿಂದ ಎಂದು ಹೇಳಬೇಕಿತ್ತು. "ನಿ... ನಿ..." ಎನ್ನುತ್ತಲೇ ನಿಂತೆ. ಮೇಡಂ ಎಂದಿನಂತೆ ಕಾದರು. ಆಮೇಲೆ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ನನ್ನ ಮಾತಿಗೆ ಅಡ್ಡ ಬಂದರು.

"ಇದೊಂದು ಒಳಗೇ ಇರ್ಲಿ ಬಿಡೊ," ಎಂದರು. "ನನಗ ಮುಟ್ಟ್ಯದ."