ರಕ್ತಕ್ಕೆ ಜಾವಕ ನಂಬರು

ಸೂಜಿ ಮಾಸ್ತರರ ಬಲಗಿವಿಯ ಮಡಿಕೆಯಲ್ಲಿ ಸದಾ ಒಂದು ಹತ್ತಿಯ ಉಂಡೆ ಇರುತ್ತಿತ್ತು. ನಮ್ಮ ಕಡೆ ಹಿರಿಯರು ಅತ್ತರು ಹಚ್ಚಿದ ಹತ್ತಿಯನ್ನು ಹೀಗೆ ಕಿವಿಯಲ್ಲಿ ಇಟ್ಟುಕೊಳ್ಳುವುದುಂಟು. ಇವರ ಹತ್ತಿಯಿಂದ ಬರುತ್ತಿದ್ದುದು ಮಾತ್ರ ಸ್ಪಿರಿಟ್ಟಿನ ವಾಸನೆ. ಮದುವೆ ಮನೆಯಲ್ಲಿ ಅವರು ಪಕ್ಕದಲ್ಲಿ ಬಂದು ಕುಳಿತರೆ ಜನರು ತಮಗೆ ಅರಿವಿಲ್ಲದೆಯೇ ಅಂಗಿಯ ತೋಳನ್ನು ಮೇಲೆ ಸರಿಸುತ್ತಿದ್ದರು.

ಸದರಿಯವರ ಕುರಿತು ಬರೆಯಲು ನಾನು ತಕ್ಕವನೇ ಎಂಬ ಸಂಶಯ ನನಗಿದೆ. ಸೇವಾವಧಿಯುದ್ದಕ್ಕೂ ಗುಮಾಸ್ತನಾಗಿ ಪತ್ರ ಬರೆದಿದ್ದೇನೆಯೇ ಹೊರತು ಲೇಖನ ಬರೆದವನಲ್ಲ. ಲೋಪಗಳು ಕಂಡುಬಂದಲ್ಲಿ ಓದುಗರು ಮನ್ನಿಸಬೇಕಾಗಿ ವಿನಂತಿಸಿಕೊಂಡು ವಿಷಯಕ್ಕೆ ಬರುತ್ತೇನೆ.

ನನ್ನ ಮನೆ ಬಸವಕಲ್ಯಾಣದಲ್ಲಿ, ನೌಕರಿ ಹುಮನಾಬಾದಿನಲ್ಲಿ. ತೊಂಬತ್ತರ ದಶಕದ ನಡುವಿನಲ್ಲಿ ನನಗೆ ಸಕ್ಕರೆ ಕಾಯಿಲೆ ಇರುವುದಾಗಿ ತಿಳಿದುಬಂದು, ಪ್ರತಿ ಮೂರು ತಿಂಗಳಿಗೊಮ್ಮೆ ರಕ್ತ ತಪಾಸಣೆ ಮಾಡಿಸತಕ್ಕದ್ದೆಂದು ಬಸವಕಲ್ಯಾಣದ ಡಾಕ್ಟರರು ಸೂಚಿಸಿದರು. ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ಒಂದೇ ಕೋಣೆಯ ಲ್ಯಾಬು ಇತ್ತು. ಅದನ್ನು ನಡೆಸುತ್ತಿದ್ದವರೇ ಸೂಜಿ ಮಾಸ್ತರರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ರೋಗಿಗಳನ್ನು ಗದರಿಸುವ ರೀತಿಯಿಂದಲೇ ಊರು ಅವರಿಗೆ ಆ ಪದವಿಯನ್ನು ದಯಪಾಲಿಸಿತ್ತು.

ಸೂಜಿ ಚುಚ್ಚುವ ಮುನ್ನ ಅವರು ತಪ್ಪದೆ ಕೇಳುತ್ತಿದ್ದರು: "ನಿನ್ನಿ ಏನ್ ಉಂಡೀರಿ? ಖರೇ ಹೇಳ್ರಿ."

"ಒಂದು ಜ್ವಾಳದ ರೊಟ್ಟಿ, ಸ್ವಲ್ಪ ಪುಂಡಿ ಪಲ್ಯ."

"ಮೊನ್ನಿ?"

"ಅದೇ ರೀ."

"ಮೂರು ತಿಂಗಳು ಹಿಂಗೇ ಉಂಡೀರೇನು?"

ಈ ಮೂರನೆಯ ಪ್ರಶ್ನೆಗೆ ನಾನು ತೋಳನ್ನಷ್ಟೇ ಸಲ್ಲಿಸುತ್ತಿದ್ದೆ. ಕಾರಣವನ್ನು ಈಗ ಒಪ್ಪಿಕೊಳ್ಳುತ್ತೇನೆ. ನಮ್ಮ ಕಚೇರಿಯಲ್ಲಿ ಸಕ್ಕರೆ ಇದ್ದ ನಾವು ನಾಲ್ವರು ಒಂದು ಪದ್ಧತಿ ಇಟ್ಟುಕೊಂಡಿದ್ದೆವು. ತಪಾಸಣೆಗೆ ಎರಡು ದಿನ ಮೊದಲು ಅರೆಹೊಟ್ಟೆ ಉಂಡು, ಸಂಜೆ ರಾಜೇಶ್ವರ ರಸ್ತೆಯಲ್ಲಿ ಬೆವರು ಸುರಿಯುವಂತೆ ನಡೆದು, ಮೂರನೆಯ ದಿನ ರಕ್ತ ಕೊಡುತ್ತಿದ್ದೆವು. ವರದಿ ಉತ್ತಮವಾಗಿಯೇ ಬರುತ್ತಿತ್ತು. ಅದರ ಸಂತೋಷಕ್ಕಾಗಿ ಲ್ಯಾಬಿನ ಎದುರಿನ ಅಂಗಡಿಯಲ್ಲಿ ಬಿಸಿ ಜಿಲೇಬಿ ಸ್ವೀಕರಿಸುತ್ತಿದ್ದೆವು. ಸದರಿ ವರದಿಗಳನ್ನು ನಾನು ದಿನಾಂಕವಾರು ಜೋಡಿಸಿ, ದಾರ ಹಾಕಿ, ಕಡತ ಮಾಡಿದ್ದೆ. ಬೀಗರು ಮನೆಗೆ ಬಂದಾಗ ತೋರಿಸುತ್ತಿದ್ದೆ.

ಹೀಗೆ ಕೆಲವು ವರ್ಷ ಕಳೆದವು. ಒಂದು ಸಂಜೆ ಬಸ್ಸಿಳಿದು ಮನೆಗೆ ಬಂದಾಗ ನನ್ನ ಹೆಂಡತಿ ಬಾಗಿಲಲ್ಲೇ ತಡೆದಳು.

"ಇನ್ನೊಂದು ಚಪ್ಪಲ್ ಎಲ್ಲಿ?"

"ಕಾಲಾಗೇ ಅದ."

"ಕೆಳಗ ನೋಡ್ರಿ."

ನೋಡಿದೆ. ಎಡಗಾಲು ಬರಿದಾಗಿತ್ತು, ಹಿಮ್ಮಡಿಯಲ್ಲಿ ಮುಳ್ಳು ಮುರಿದಿತ್ತು. ಬಸ್ ನಿಲ್ದಾಣದಿಂದ ಮನೆಯವರೆಗೆ ನಡೆದ ನನಗೆ ಎರಡರ ಅರಿವೂ ಇರಲಿಲ್ಲ. ಅಂದು ಮೊದಲ ಸಲ ಭಯವಾಯಿತು. ನಮ್ಮ ಓಣಿಯಲ್ಲೇ ಒಬ್ಬರಿಗೆ ಇದೇ ರೀತಿ ಮುಳ್ಳಿನಿಂದ ಆರಂಭವಾಗಿ ಕಾಲನ್ನೇ ತೆಗೆಯಬೇಕಾಗಿ ಬಂದಿತ್ತು.

ಡಾಕ್ಟರರು ನನ್ನ ಕಡತವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಗೊಂದಲಕ್ಕೀಡಾದರು. "ಸಕ್ಕರಿ ಇಷ್ಟು ಚಲೋ ಅದ. ಮತ್ತ ಪಾದ ಯಾಕ ಜೋಮು ಹಿಡೀತು?" ಎಂದು ಕೇಳಿ, ಹೋಮೋಸಿಸ್ಟೀನ್ ಎಂಬ ಹೊಸ ತಪಾಸಣೆ ಬರೆದುಕೊಟ್ಟರು. ಅದು ರಕ್ತದಲ್ಲಿರುವ ಒಂದು ಅಂಶ, ಬಿ-12 ಜೀವಸತ್ವ ಕಡಿಮೆಯಾದರೆ ಏರುತ್ತದೆ, ಬಹಳ ಏರಿದರೆ ರಕ್ತನಾಳಗಳಿಗೂ ಒಳ್ಳೆಯದಲ್ಲ ಎಂದು ವಿವರಿಸಿದರು. ಕಡತದ ನಿಜ ಹೇಳಲು ಬಾಯಿ ತೆರೆದೆ. ಆದರೆ ಅಷ್ಟು ಅಂದವಾಗಿ ಹೊಲಿದ ಕಡತ! ಬಾಯಿ ಮುಚ್ಚಿದೆ.

ಆ ತಪಾಸಣೆ ಹೈದರಾಬಾದಿನಲ್ಲಿ ಆಗಬೇಕಿತ್ತು. ಮಾಸ್ತರರು ರಕ್ತ ತೆಗೆದ ದಿನ ಹುಮನಾಬಾದಿನಲ್ಲಿ ಕರೆಂಟ್ ಇರಲಿಲ್ಲ, ರಕ್ತವನ್ನು ತಿರುಗಿಸಿ ತಿಳಿನೀರು ಬೇರ್ಪಡಿಸುವ ಯಂತ್ರ ನಿಂತಿತ್ತು. ಅವರು ನಳಿಕೆಯನ್ನು ಬರ್ಫದ, ಅಂದರೆ ಮಂಜುಗಡ್ಡೆಯ, ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. "ಕಾರಕೂನ್ ಸಾಹೇಬ್ರ, ಹೈದರಾಬಾದ್ ಬಸ್ ನಿಂತದ. ಓಡಿ ಕಂಡಕ್ಟರನ ಕೈಯಾಗ ಕೊಡ್ರಿ. ಅಲ್ಲಿ ಲ್ಯಾಬಿನವ ಬಂದು ಒಯ್ತಾನ. ಎಲ್ಲೂ ನಿಂದರಬ್ಯಾಡ್ರಿ."

ನಾನು ನಿಂತೆ. ಒಂದು ವಸ್ತು ಪರರಾಜ್ಯಕ್ಕೆ ಹೋಗುತ್ತಿದೆ, ಜೊತೆಗೆ ಒಂದು ಪತ್ರವೂ ಇಲ್ಲ. ಅದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಕಚೇರಿಗೆ ಹೋಗಿ ಬೆರಳಚ್ಚು ಯಂತ್ರದ ಮುಂದೆ ಕುಳಿತೆ. "ಲಗತ್ತು: ರಕ್ತ, ನಳಿಕೆ ಒಂದು (ಒಂದು ಮಾತ್ರ)." ಒಂದು ಅಕ್ಷರ ತಪ್ಪಿತು, ಹಾಳೆ ಬದಲಿಸಿದೆ. ಕಾರ್ಬನ್ ತಿರುಗುಮುರುಗಾಗಿತ್ತು, ಮತ್ತೆ ಬದಲಿಸಿದೆ. ಹೊರಹೋಗುವ ಕಾಗದಕ್ಕೆ ಜಾವಕ ನಂಬರು ಬೇಕೆಂದು, ಖಾಸಗಿ ಪತ್ರವಾದ್ದರಿಂದ ನನ್ನದೇ ನೋಟುಬುಕ್ಕಿನಲ್ಲಿ ಒಂದನೆಯ ನಂಬರು ಕೊಟ್ಟೆ. ಕೊನೆಗೆ ನಳಿಕೆಯನ್ನು ಪತ್ರದಲ್ಲಿ ಸುತ್ತಿ, ಲಕೋಟೆಯಲ್ಲಿಟ್ಟು, ಭದ್ರತೆಯ ದೃಷ್ಟಿಯಿಂದ ಬಿಸಿ ಅರಗು ಸುರಿದು ಮೊಹರು ಒತ್ತಿದೆ. ಅಷ್ಟರಲ್ಲಿ ಡಬ್ಬಿಯ ಬರ್ಫ ನೀರಾಗಿತ್ತು. ರಕ್ತ ಮಧ್ಯಾಹ್ನದ ಬಸ್ಸಿಗೆ ರವಾನೆಯಾಯಿತು.

ನಾಲ್ಕು ದಿನಕ್ಕೆ ವರದಿ ಬಂದಿತು. ಹೋಮೋಸಿಸ್ಟೀನ್ ಮಿತಿಯನ್ನು ಎಷ್ಟೋ ಪಟ್ಟು ದಾಟಿತ್ತು. ನನ್ನ ಕಾಲ ಮುಗಿಯಿತೆಂದು ತಿಳಿದು, ವರ್ಗಾವಣೆಯಾದ ನೌಕರರು ಬರೆಯುವಂತೆ ಮನೆಯ ಚಾರ್ಜ್ ಪಟ್ಟಿ ಬರೆದೆ: ಕಪಾಟಿನ ಕೀಲಿ ಎರಡು, ಹಿತ್ತಲ ಬಾಗಿಲ ಕೀಲಿ ಒಂದು. ಸ್ವೀಕೃತಿಯ ಸಹಿಗಾಗಿ ಹೆಂಡತಿಯ ಮುಂದಿಟ್ಟೆ. ಅವಳು ಅದರ ಮೇಲೆ ಚಹಾದ ಕಪ್ಪು-ಬಸಿ ಇಟ್ಟು, "ಮೊದಲ ಇದನ್ನ ಕುಡೀರಿ" ಎಂದಳು.

ಮರುದಿನ ಭಾನುವಾರ. ಮಾಸ್ತರರು ಮೊದಲ ಬಸ್ಸಿಗೆ ಬಸವಕಲ್ಯಾಣಕ್ಕೆ ಬಂದರು. ಕೈಯಲ್ಲಿ ನನ್ನ ಪತ್ರವಿತ್ತು. ಹೈದರಾಬಾದಿನವರು ವರದಿಯ ಜೊತೆಗೆ ಅದನ್ನೂ ಹಿಂದಕ್ಕೆ ಕಳಿಸಿದ್ದರು; ಲಕೋಟೆಯ ತಳದಲ್ಲಿದ್ದ ಅದು ಮಾಸ್ತರರ ಕಣ್ಣಿಗೆ ಬಿದ್ದದ್ದು ನಾನು ವರದಿ ಒಯ್ದ ಮೇಲೆ.

"ಇದೇನ್ರಿ ಇದು?"

"ಹೊದಿಕೆ ಪತ್ರ ರೀ, ಕವರಿಂಗ್ ಲೆಟರ್."

"ರಕ್ತಕ್ಕ ಜಾವಕ ನಂಬರ್ ಯಾರ್ ಕೇಳ್ಯಾರ್ರಿ? ಎಷ್ಟೊತ್ತು ಬರ್ಫ ಇಲ್ದ ಇಟ್ಟಿದ್ರಿ?"

ಹೇಳಿದೆ. ಅರಗಿನ ಸಂಗತಿಯನ್ನೂ ಹೇಳಿದೆ. ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. "ನಳಿಕ್ಯಾಗ ಇದ್ರೂ ರಕ್ತದ ಕಣ ಸುಮ್ನ ಕೂಡೂದಿಲ್ರಿ. ತಂಪು ಇಲ್ದಿದ್ರ ಅವು ಹೋಮೋಸಿಸ್ಟೀನ್ ಬಿಡ್ತಾನೇ ಇರ್ತಾವ. ಇದು ನಿಮ್ಮ ರೋಗ ಅಲ್ಲ, ನಿಮ್ಮ ಟೈಪಿಂಗ್!"

ಹೆಂಡತಿ ಒಳಗಿನಿಂದ ಗಟ್ಟಿಯಾಗಿ ನಕ್ಕಳು. ಆ ನಗೆಯಲ್ಲೇ ಧೈರ್ಯ ತಂದುಕೊಂಡು ಹೊಸ್ತಿಲಿಗೆ ಬಂದು, "ಮಾಸ್ತರ್ರ, ಇವ್ರು ಸಕ್ಕರಿ ತಪಾಸಣಿಗೂ ಎರಡು ದಿನ ಉಪಾಸ ಬಿದ್ದು ಬರ್ತಾರ ನೋಡ್ರಿ" ಎಂದು ನನ್ನ ಮೇಲೆ ವರದಿ ಸಲ್ಲಿಸಿದಳು.

"ಗೊತ್ತದ ತಾಯಿ. ಜಿಲೇಬಿ ಅಂಗಡಿ ನನ್ನ ಕಿಟಕಿಗೆ ಕಾಣ್ತದ." ಮಾಸ್ತರರು ನನ್ನ ಪತ್ರವನ್ನು ನಾಲ್ಕು ಮಡಿಕೆ ಮಾಡಿದರು. ನಂತರ ನನ್ನ ಕಡೆ ತಿರುಗಿದರು. "ರಕ್ತಕ್ಕ ಸುಳ್ಳು ಹೇಳಾಕ ಬರೂದಿಲ್ರಿ. ನೀವು ಕೂತು ಅದಕ್ಕ ಕಲಿಸಾಕತ್ತೀರಿ. ನಂದೂ ತಪ್ಪದ. ಕಣ್ಣಿಗಿ ಕಂಡಿದ್ದು ಡಾಕ್ಟರಿಗಿ ಬರೀಲಿಲ್ಲ. ಗಿರಾಕಿ ಹೋದೀತು ಅಂತ ಸುಮ್ನಿದ್ದೆ."

ಇಷ್ಟು ವರ್ಷ ಜಗತ್ತನ್ನೆಲ್ಲ ಗದರಿಸಿದವರು ತಮ್ಮನ್ನು ತಾವೇ ಗದರಿಸಿಕೊಂಡದ್ದನ್ನು ಅಂದು ಕಂಡೆ.

ಹದಿನೈದು ದಿನ ದಿನನಿತ್ಯದಂತೆ ಉಂಡು ಬರಬೇಕೆಂದು ಅಪ್ಪಣೆಯಾಯಿತು. ಜಿಲೇಬಿಗೂ ವಿನಾಯಿತಿ ಇದೆಯೇ ಎಂದು ಕೇಳಿದೆ. ಅವರು ನೋಡಿದ ನೋಟಕ್ಕೆ ಮತ್ತೆ ಕೇಳಲಿಲ್ಲ. ಎರಡನೆಯ ಸಲ, ಸಕ್ಕರೆಯ ತಪಾಸಣೆಗೂ ಸೇರಿಸಿ ರಕ್ತ ತೆಗೆದು, ಕೂಡಲೇ ಯಂತ್ರದಲ್ಲಿ ತಿರುಗಿಸಿ, ತಿಳಿಯನ್ನು ಥರ್ಮಾಸಿನಲ್ಲಿಟ್ಟು, ಸುತ್ತ ಬರ್ಫ ತುಂಬಿದರು. ನನ್ನ ಕೈಗೆ ಮಾತ್ರ ಕೊಡಲಿಲ್ಲ. ಲ್ಯಾಬಿಗೆ ಬೀಗ ಹಾಕಿ, ಥರ್ಮಾಸನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಾವೇ ಹೈದರಾಬಾದ್ ಬಸ್ಸಿನಲ್ಲಿ ಕುಳಿತರು. ಬಸ್ಸು ಹೊರಟಾಗ ಕಿಟಕಿಯಿಂದ ಕೂಗಿದರು: "ಪತ್ರ ಗಿತ್ರ ಬರದೀರಿ, ಹುಷಾರ್!"

ಎರಡೂ ವರದಿಗಳು ಬಂದವು. ನಾನು ಸಾಯುತ್ತೇನೆಂದು ಹೆದರಿದ್ದ ಹೋಮೋಸಿಸ್ಟೀನ್ ಇಳಿದು ಮಿತಿಗಿಂತ ತುಸು ಮೇಲೆ ನಿಂತಿತ್ತು. ನಾನು ಬೀಗರಿಗೆ ತೋರಿಸಿ ಹೆಮ್ಮೆಪಡುತ್ತಿದ್ದ ಸಕ್ಕರೆ, ಡಾಕ್ಟರರೇ ಕುರ್ಚಿಯಿಂದ ಮುಂದಕ್ಕೆ ಬಾಗುವಷ್ಟು ಏರಿತ್ತು. ಅದೇ ರಕ್ತದಲ್ಲಿ ನೋಡಿಸಿದ ಬಿ-12 ಕೂಡ ಕಡಿಮೆಯಿತ್ತು. ನನ್ನ ಸಸ್ಯಾಹಾರವೂ, ವರ್ಷಗಟ್ಟಲೆ ನುಂಗಿದ ಸಕ್ಕರೆ ಕಾಯಿಲೆಯ ಮಾತ್ರೆಯೂ ಅದಕ್ಕೆ ಕಾರಣವಿರಬಹುದೆಂದು ಅವರು ತಿಳಿಸಿದರು. ಸಕ್ಕರೆಯ ವರದಿ ನೋಡಿ ಹೋಮೋಸಿಸ್ಟೀನನ್ನಾಗಲಿ, ಅದನ್ನು ನೋಡಿ ಸಕ್ಕರೆಯನ್ನಾಗಲಿ ಊಹಿಸಲಾಗದು ಎಂದರು. ನನ್ನ ತಿಳುವಳಿಕೆಗೆ ಬಂದಂತೆ ಅವು ಎರಡು ಬೇರೆ ಕಡತಗಳು, ನನ್ನ ಪಾದದಲ್ಲಿ ಒಟ್ಟಿಗೆ ಮಂಡನೆಯಾಗಿದ್ದವು.

ಔಷಧಿ ಬದಲಾಯಿತು, ಬಿ-12 ಇಂಜೆಕ್ಷನ್ ಆರಂಭವಾಯಿತು. ಅದನ್ನು ಚುಚ್ಚುತ್ತಿದ್ದವರು ಮಾಸ್ತರರೇ. ಪ್ರತಿ ಸಲವೂ ನನ್ನ ಕಣ್ಣು ಮುಚ್ಚಿಸಿ, ಕಿವಿಯ ಹತ್ತಿಯನ್ನು ತೆಗೆದು ಅಂಗಾಲಿಗೆ ತಾಗಿಸುತ್ತಿದ್ದರು.

"ಹತ್ತಿತೇನ್ರಿ?"

"ಇಲ್ರಿ."

"ಚಲೋ ಆತು, ಖರೇ ಹೇಳಿದ್ರಿ."

ತಿಂಗಳುಗಳ ಮೇಲೆ ಒಂದು ದಿನ ಹೆಬ್ಬೆರಳ ಬುಡದಲ್ಲಿ ಏನೋ ತಂಪು ತಾಗಿತು. "ಹೌದ್ರಿ" ಎಂದೆ. ಕಣ್ಣು ತೆರೆದಾಗ ಅವರು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸುತ್ತಿದ್ದರು.

ಎರಡು ಸಾವಿರದ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ಸುದ್ದಿ ಮುಟ್ಟಿದ ಚಳಿಗಾಲದ ಬೆಳಿಗ್ಗೆ ನಾನು ಹುಮನಾಬಾದಿಗೆ ಹೋದೆ. ಸಂತಾಪ ಸೂಚಕ ಪತ್ರವೊಂದನ್ನು ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಅವರ ಮನೆಯ ಬಾಗಿಲಲ್ಲಿ ಎರಡೂ ಚಪ್ಪಲಿ ಕಳಚಿ ಶಹಾಬಾದಿ ಫರಸಿಯ ಮೇಲೆ ಕಾಲಿಟ್ಟೆ. ಕಲ್ಲು ಕೊರೆಯುವಷ್ಟು ತಣ್ಣಗಿತ್ತು. ಅದು ನನ್ನ ಎರಡೂ ಅಂಗಾಲಿಗೆ ತಿಳಿಯಿತು.

ಪತ್ರವನ್ನು ಜೇಬಿನಿಂದ ತೆಗೆಯಲಿಲ್ಲ. ಎಲ್ಲರೂ ಒಳಗೆ ಕರೆಯುತ್ತಿದ್ದರೂ, ಸ್ವಲ್ಪ ಹೊತ್ತು ಆ ನೆಲದ ಮೇಲೆ ಹಾಗೆಯೇ ನಿಂತಿದ್ದೆ.