ಮುದ್ದೆ ನುಂಗಿದ ಗಂಟಲು

ಸಿಂಗಪುರದ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಇಥಿಯೋಪಿಯಾದ ಗೆಳೆಯ, ಕ್ಲೆಮೆಂಟಿ ಬಡಾವಣೆಯಲ್ಲಿರುವ ತನ್ನ ಫ್ಲ್ಯಾಟಿಗೆ ಊಟಕ್ಕೆ ಕರೆದ. ಹೋದರೆ, ಹುಳಿ ಬಂದ ದೋಸೆಯಂಥ ಇಂಜೆರಾ ಹಾಸಿದ ಒಂದೇ ತಟ್ಟೆಗೆ ಮನೆಮಂದಿಯದೆಲ್ಲ ಕೈ! ಎಂಜಲು ಅಂತ ನಾನು ಅಂಚಿನಲ್ಲೇ ಕೆದಕುತ್ತಾ ಕೂತಿದ್ದೆ. ಅದನ್ನು ನೋಡಿದ ಅವನ ತಾಯಿ, ಕ್ರಿಕೆಟ್ ಬಾಲಿನಷ್ಟು ದೊಡ್ಡ ತುತ್ತು ಕಟ್ಟಿ ನನ್ನ ಬಾಯಿಗೇ ಹಿಡಿದರು.

"ಬೇಡ ಅನ್ಬೇಡ. ತುತ್ತು ದೊಡ್ಡದಾದಷ್ಟೂ ಪ್ರೀತಿ ಜಾಸ್ತಿ ಅಂತ ನಮ್ಮಲ್ಲಿ," ಅಂದ ಗೆಳೆಯ.

ಮುದ್ದೆ ನುಂಗಿ ಬೆಳೆದ ಗಂಟಲು ನನ್ನದು. ಒಂದೇ ಗುಕ್ಕಿಗೆ ಇಳಿಸಿದೆ. ಎಂಜಲನ್ನೆಲ್ಲ ಮರೆತು, ಅದಕ್ಕಿಂತ ದೊಡ್ಡದೊಂದು ಕಟ್ಟಿ ಅವರ ಬಾಯಿಗಿಟ್ಟೆ. ಮನೆಯೆಲ್ಲ ಚಪ್ಪಾಳೆ!

ಬೀಗುತ್ತಾ ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಮದುವೇಲಿ ಫೋಟೋಗ್ರಾಫರ್ ಮೂರು ಸಲ ಹೇಳಿದ್ಮೇಲೆ ನನಗೆ ಅರ್ಧ ಲಾಡು ತಿನ್ನಿಸಿದವರು ನೀವೇನಾ?" ಅಂದಳು.